ತುಳುನಾಡಿನ ವಿಸ್ಮಯಗಳು ಮತ್ತು ಸಿದ್ಧಾಂತಗ್ರಂಥಗಳ ಓಲೆಗರಿಗಳು

ಪೂರ್ವದಲ್ಲಿ ಸಹ್ಯಾದ್ರಿ, ಪಶ್ಚಿಮದಲ್ಲಿ ಸಮುದ್ರ, ಇವೆರಡರ ನಡುವೆ ಕಿರಿದಾದ ಪಟ್ಟಿಯಂತೆ ಹರಡಿರುವ ತುಳುನಾಡು ತನ್ನ ವೈಲಕ್ಷಣ್ಯಗಳಿಂದ ಹೊರನಾಡಿನವರನ್ನು ಹಿಂದಿನಿಂದಲೂ ಬೆರಗುಗೊಳಿಸುತ್ತ ಬಂದಿದೆ. ಇಲ್ಲಿಯ ಜನರ ಮನೆಮಾತು ತುಳು. ಆದರೆ ಶಾಸನಗಳಲ್ಲಿ ಬಹುಪಾಲು ಕನ್ನಡದವು. ತುಳುಲಿಪಿಯೆಂದು ಕರೆಯಲ್ಪಡುವ ಲಿಪಿಯೊಂದು ಇಲ್ಲಿ ಪ್ರಚಾರದಲ್ಲಿತ್ತು. ಆದರೆ ಆ ಲಿಪಿಯಲ್ಲಿ ದೊರೆಯುವ ಓಲೆಗ್ರಂಥಗಳಲ್ಲಿ ಹೆಚ್ಚಿನವು ತುಳುಭಾಷೆಯವಲ್ಲ, ಸಂಸ್ಕೃತದವು. ಧರ್ಮಸ್ಥಳದಲ್ಲಿ ಪೂಜೆಗೊಳ್ಳುವವನು ಮಂಜುನಾಥನಾದ ಶಿವ, ಪೂಜಿಸುವವರು ಮಾಧ್ವ ವೈಷ್ಣವರು, ಕ್ಷೇತ್ರದ ಧರ್ಮಾಧಿಕಾರಿಗಳಾದ ಹೆಗ್ಗಡೆಯವರು ಜೈನ ಮನೆತನದವರು. ಇಂತಹ ಸಂಗತಿಗಳನ್ನು ಬಿಡಿಬಿಡಿಯಾಗಿ ಹೇಳಿದರೆ ಅವು ಕೇವಲ ಕುತೂಹಲದ ವಿಷಯಗಳಾಗಿ ಉಳಿಯುತ್ತವೆ. ಹಸ್ತಪ್ರತಿಗಳ ಅಭ್ಯಾಸಿಯ ದೃಷ್ಟಿಯಿಂದ ನೋಡಿದಾಗ ಅವುಗಳಲ್ಲಿ ಕೆಲವು ಒಂದೇ ಸೂತ್ರದಲ್ಲಿ ಪೋಣಿಸಿಕೊಳ್ಳುತ್ತವೆ. ಆ ಸೂತ್ರವನ್ನು ವಿದ್ವಾಂಸರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಬಿದಿರಿನ ಊರು

ಜೈನಕಾಶಿಯೆಂದು ಪ್ರಖ್ಯಾತವಾದ ಮೂಡುಬಿದಿರೆಯ ಹೆಸರಿನಿಂದಲೇ ಆರಂಭಿಸಬಹುದು. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಕಡಲ ತೀರದಲ್ಲಿರುವುದು ಪಡುಬಿದ್ರೆ. ಅದಕ್ಕೆ ಮೂಡಲಲ್ಲಿರುವುದು ಮೂಡುಬಿದಿರೆ. ಸಂಸ್ಕೃತಜ್ಞರು ಇದನ್ನೇ ವೇಣುಪುರವೆಂದರು. ದಟ್ಟವಾದ ಬಿದಿರುಮೆಳೆಯ ಬಳಿ ಹುಲಿಯೂ ಹಸುವೂ ವೈರವನ್ನು ಮರೆತು ಒಡನಾಡುತ್ತಿದ್ದುದನ್ನು ಮುನಿಯೊಬ್ಬರು ಕಂಡರೆಂದೂ, ಅಲ್ಲಿಯೇ ಪಾರ್ಶ್ವನಾಥಸ್ವಾಮಿಯ ಬಿಂಬ ದೊರೆಯಿತೆಂದೂ ಸ್ಥಳಪರಂಪರೆ ಹೇಳುತ್ತದೆ. ಆ ಬಿಂಬ ವಿರಾಜಮಾನವಾಗಿರುವ ಬಸದಿಗೆ ಗುರುಬಸದಿಯೆಂದು ಹೆಸರು.

ಈ ಊರಿನ ಹದಿನೆಂಟು ಬಸದಿಗಳಲ್ಲಿ ತ್ರಿಭುವನತಿಲಕ ಚೂಡಾಮಣಿ ಬಸದಿ ಅತ್ಯಂತ ದೊಡ್ಡದು, ಕ್ರಿ.ಶ. 1430ರ ಹೊತ್ತಿನದು. ಜನರ ಬಾಯಲ್ಲಿ ಅದು ಸಾವಿರ ಕಂಬದ ಬಸದಿ. ಒಂದರ ಮೇಲೊಂದಾಗಿ ಇಳಿಜಾರಾಗಿ ಚಾಚಿದ ಅದರ ಮಾಡುಗಳನ್ನು ಕಂಡು ಪಾಶ್ಚಾತ್ಯ ವಿದ್ವಾಂಸರು ನೇಪಾಳದ ಕಟ್ಟಡಗಳನ್ನು ಸ್ಮರಿಸಿದ್ದಾರೆ. ಮಳೆಯ ನಾಡಿಗೆ ತಕ್ಕ ಮಾಡು ಇದು. ನೇಪಾಳದವರೆಗೆ ಹೋಗಬೇಕಾದ ಕಾರಣವಿಲ್ಲ. ಅದೇ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ನೀಳವಾದ ಕೊರಳಿನ ಮೃಗವೊಂದರ ಶಿಲ್ಪವಿದೆ. ನೋಡಿದವರು ಅದನ್ನು ಆಫ್ರಿಕಾ ಖಂಡದ ಜಿರಾಫೆಯೆಂದು ಗುರುತಿಸುತ್ತಾರೆ. ಅಲ್ಲಿಯೇ ಇರುವ ಮತ್ತೊಂದು ಆಕೃತಿಯನ್ನು ಚೀನಾದೇಶದ ಡ್ರ್ಯಾಗನ್ ಎನ್ನುತ್ತಾರೆ. ಮೆಣಸು, ಅಕ್ಕಿಗಳ ವ್ಯಾಪಾರದಿಂದ ಅರಬ್ಬೀಸಮುದ್ರದಾಚೆಯ ನಾಡುಗಳೊಡನೆ ಸಂಪರ್ಕವಿದ್ದ ಸೀಮೆಯಲ್ಲಿ ಇಂತಹ ಶಿಲ್ಪಗಳು ಕಾಣಿಸಿಕೊಂಡರೆ ಅಸಂಭವವೆನ್ನಲಾಗದು.

ಕಾರ್ಕಳದಲ್ಲಿ ವೀರಪಾಂಡ್ಯನು ಕ್ರಿ.ಶ. 1432ರಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದನು. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದನು. 1982ರಲ್ಲಿ ಧರ್ಮಸ್ಥಳದ ಬಾಹುಬಲಿಯ ಪ್ರತಿಷ್ಠೆಯಾಯಿತು. ಇಷ್ಟು ಚಿಕ್ಕ ಸೀಮೆಯಲ್ಲಿ ಇಂತಹ ಮೂರು ಏಕಶಿಲಾಮೂರ್ತಿಗಳಿರುವುದೂ ಒಂದು ವಿಶೇಷವೇ.

ಆದರೆ ಶಿಲೆ ಉಳಿಯುವುದರಲ್ಲಿ ವಿಸ್ಮಯವಿಲ್ಲ. ಓಲೆ ಉಳಿಯುವುದು ವಿಸ್ಮಯ.

ಮಳೆಯ ನಾಡಿನಲ್ಲಿ ಉಳಿದ ಓಲೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಬೆವರುತ್ತದೆ, ಬಟ್ಟೆ ಒಣಗದು. ಬೂಷ್ಟು, ಗೆದ್ದಲು, ಓಲೆಹುಳು ಇವು ಗ್ರಂಥದ ಸಹಜಶತ್ರುಗಳು. ತಾಡಪತ್ರಕ್ಕೆ ಇದಕ್ಕಿಂತ ಪ್ರತಿಕೂಲವಾದ ಹವೆಯನ್ನು ಕಲ್ಪಿಸುವುದು ಕಷ್ಟ. ಹೀಗಿರುವಲ್ಲಿ ದಿಗಂಬರ ಪರಂಪರೆಯ ಅತ್ಯಂತ ಪ್ರಾಚೀನ ಸಿದ್ಧಾಂತಗ್ರಂಥಗಳ ಪ್ರಾಚೀನ ಪ್ರತಿಗಳು ಭಾರತದ ಒಣಹವೆಯ ಯಾವ ಭಂಡಾರದಲ್ಲಿಯೂ ಉಳಿಯದೆ, ಈ ಮಳೆಯ ನಾಡಿನ ಒಂದು ಊರಿನಲ್ಲಿ ಮಾತ್ರ ಉಳಿದವು.

ಈ ಗ್ರಂಥಗಳ ವೃತ್ತಾಂತ ಪಂಡಿತರಿಗೆ ಪರಿಚಿತವಾದುದು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವಿಚ್ಛೇದದ ಭಯದಿಂದ ದಕ್ಷಿಣಾಪಥದಿಂದ ಬಂದ ಪುಷ್ಪದಂತ, ಭೂತಬಲಿಗಳಿಗೆ ಉಪದೇಶಿಸಿದರು. ಅದರ ಫಲವೇ ಷಟ್ಖಂಡಾಗಮ. ಅದರ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಮಾಣ 72,000 ಶ್ಲೋಕಗಳೆಂದು ಪ್ರಸಿದ್ಧಿ. ಅದು ಶಾ.ಶ. 738ರಲ್ಲಿ, ಎಂದರೆ ಕ್ರಿ.ಶ. 816ರಲ್ಲಿ ಮುಗಿಯಿತೆಂದು ಡಾ. ಹೀರಾಲಾಲ್ ಜೈನರು ನಿರ್ಣಯಿಸಿದರು. ಗುಣಧರಾಚಾರ್ಯರ ಕಸಾಯಪಾಹುಡಕ್ಕೆ ವೀರಸೇನರು ಆರಂಭಿಸಿದ ಜಯಧವಲಾ ಟೀಕೆಯನ್ನು ಜಿನಸೇನರು ಶಾ.ಶ. 759ರಲ್ಲಿ ಪೂರ್ಣಗೊಳಿಸಿದರು, ಅದರ ಪ್ರಮಾಣ 60,000. ಆರನೆಯ ಖಂಡವಾದ ಮಹಾಬಂಧವು ಲೋಕದಲ್ಲಿ ಮಹಾಧವಲವೆಂದೇ ಪ್ರಸಿದ್ಧ.

ಸೌರಾಷ್ಟ್ರದ ಗುಹೆಯಲ್ಲಿ ಉಪದೇಶಿಸಲ್ಪಟ್ಟ ಪ್ರಾಕೃತ ಸೂತ್ರಗಳು ತುಳು ಮಾತಾಡುವ ನಾಡಿನಲ್ಲಿ, ಹಳಗನ್ನಡ ಲಿಪಿಯಲ್ಲಿ ಉಳಿದವು. ಭಾಷೆ ಒಂದು ಸೀಮೆಯದು, ಲಿಪಿ ಮತ್ತೊಂದು ಸೀಮೆಯದು, ಕಾಪಾಡಿದವರ ಮನೆಮಾತು ಮೂರನೆಯದು. ಭಾರತದ ಹಸ್ತಪ್ರತಿಗಳ ಇತಿಹಾಸದಲ್ಲಿ ಇಂತಹ ತ್ರಿವೇಣಿ ವಿರಳ.

ಓಲೆಯ ದ್ರವ್ಯವೂ ಗಮನಾರ್ಹ. ಈ ಪ್ರತಿಗಳು ಶ್ರೀತಾಳದ ಗರಿಗಳು. ಶ್ರೀತಾಳದ ಮರ ತನ್ನ ಆಯುಷ್ಯದಲ್ಲಿ ಒಂದೇ ಒಂದು ಬಾರಿ ಹೂಬಿಡುತ್ತದೆ. ಅದಕ್ಕೆ ಮೂವತ್ತರಿಂದ ಎಂಬತ್ತು ವರ್ಷಗಳು ಬೇಕು. ಹೂ ಬಿಟ್ಟು ಕಾಯಾದ ಮೇಲೆ ಮರ ಸಾಯುತ್ತದೆ. ಅದರ ಗರಿ ತಾಳೆಯ ಗರಿಗಿಂತ ತೆಳುವು, ಅಗಲ, ಮೃದು. ದಕ್ಷಿಣದ ಸಾಮಾನ್ಯ ಓಲೆಗಳಲ್ಲಿ ಕಂಟದಿಂದ ಕೊರೆದು ಮಸಿಯನ್ನು ತೀಡುವುದು ವಾಡಿಕೆಯಾದರೆ, ಈ ಸಿದ್ಧಾಂತಪ್ರತಿಗಳಲ್ಲಿ ಅಕ್ಷರಗಳನ್ನು ಮಸಿಯಿಂದಲೇ ಬರೆಯಲಾಗಿದೆ. ಕೆಲವು ಗರಿಗಳಲ್ಲಿ ಜಿನಬಿಂಬ, ಯಕ್ಷಿ, ಉಪಾಸಕರ ವರ್ಣಚಿತ್ರಗಳಿವೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದ ಈ ಚಿತ್ರಗಳು ದಿಗಂಬರ ಸಚಿತ್ರ ಹಸ್ತಪ್ರತಿಗಳಲ್ಲಿ ಅತಿ ಪ್ರಾಚೀನವಾದವುಗಳೆಂದು ಕಲಾವಿಮರ್ಶಕರು ಗಣಿಸಿದ್ದಾರೆ.

ಶ್ರಾವಿಕೆಯರ ದಾನ

ಈ ಓಲೆಗಳು ತುಳುನಾಡಿನಲ್ಲಿ ಹುಟ್ಟಿದವಲ್ಲ. ಧವಲಾ ಪ್ರತಿಯ ಕೊನೆಯಲ್ಲಿರುವ ಕನ್ನಡ ಪ್ರಶಸ್ತಿ ಇದನ್ನು ತಿಳಿಸುತ್ತದೆ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಬಂಧುವಾದ ದೇಮಿಯಕ್ಕನು ಶ್ರುತಪಂಚಮೀ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಈ ಗ್ರಂಥವನ್ನು ಬರೆಯಿಸಿ, ಬನ್ನಿಕೆರೆಯ ಚೈತ್ಯಾಲಯದಲ್ಲಿದ್ದ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳು. ಶುಭಚಂದ್ರರ ಸಮಾಧಿಮರಣವು ಶಾ.ಶ. 1045ರಲ್ಲಿ (ಕ್ರಿ.ಶ. 1123) ಆಯಿತೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುತ್ತದೆ. ಅಲ್ಲಿಯ ಮತ್ತೊಂದು ಶಾಸನದಲ್ಲಿ ಶಾ.ಶ. 1042ರಲ್ಲಿ ಸಮಾಧಿ ಹೊಂದಿದಳೆಂದು ಹೇಳಿರುವ ದೇಮತಿಯೇ ಈ ದೇಮಿಯಕ್ಕನೆಂದು ಒಪ್ಪುವುದಾದರೆ, ದಾನವು ಕ್ರಿ.ಶ. 1120ಕ್ಕಿಂತ ಹಿಂದೆಯೇ ನಡೆದಿರಬೇಕು. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದವಳು ಮಲ್ಲಿಕಬ್ಬೆಯೆಂಬ ಮತ್ತೊಬ್ಬ ಶ್ರಾವಿಕೆ. ಸಂದರ್ಭವೂ ಅಂತಹುದೇ ವ್ರತದ ಉದ್ಯಾಪನೆ.

ಷಟ್ಖಂಡಾಗಮದ ರಚನೆ ಪೂರ್ಣಗೊಂಡು ಚತುರ್ವಿಧ ಸಂಘವು ಅದನ್ನು ಪೂಜಿಸಿದ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ಯಾವ ಗ್ರಂಥದ ಪೂರ್ಣತೆಯಿಂದ ವ್ರತ ಹುಟ್ಟಿತೋ, ಆ ವ್ರತದ ಫಲವಾಗಿಯೇ ಗ್ರಂಥಕ್ಕೆ ಹೊಸ ಪ್ರತಿ ಹುಟ್ಟಿತು. ಆ ದಿನ ಶಾಸ್ತ್ರಭಂಡಾರವನ್ನು ತೆರೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಗ್ರಂಥವನ್ನು ಕಟ್ಟುವುದು ಪದ್ಧತಿ. ಕರಾವಳಿಯಲ್ಲಿ ಜ್ಯೇಷ್ಠಮಾಸವೆಂದರೆ ಮುಂಗಾರು ಮೊದಲಾಗುವ ಕಾಲ. ಮಳೆಯ ನಾಲ್ಕು ತಿಂಗಳಿಗೆ ಮುನ್ನ ಕಟ್ಟನ್ನು ಬಿಚ್ಚಿ ಹುಳುಹುಪ್ಪಟೆಗಳನ್ನು ನೋಡುವ ಕೆಲಸ ಧರ್ಮಾಚರಣೆಯಲ್ಲಿಯೇ ಅಡಕವಾಗಿತ್ತು.

ಘಟ್ಟದ ಮೇಲಣ ಬಸದಿಗಳಿಗೆ ಆಪತ್ತು ಬಂದಾಗ ರಕ್ಷಣೆಗಾಗಿ ಈ ಗ್ರಂಥಗಳನ್ನು ಘಟ್ಟವಿಳಿಸಿ ಮೂಡುಬಿದಿರೆಗೆ ತರಲಾಯಿತೆಂದು ಪರಂಪರೆ ಹೇಳುತ್ತದೆ. ಅವು ಬಂದು ಸೇರಿದ ನಾಡಿನಲ್ಲಿ ಸ್ತ್ರೀಯರಿಗೆ ಸಂಬಂಧಿಸಿದ ಮತ್ತೊಂದು ವೈಚಿತ್ರ್ಯವಿತ್ತು. ಅದು ಅಳಿಯಸಂತಾನದ ಕಟ್ಟು. ವಂಶವೂ ಆಸ್ತಿಯೂ ತಾಯಿಯ ಮೂಲಕ ಸಾಗುವವು. ಅರಸನ ಬಳಿಕ ಅವನ ಮಗನಲ್ಲ, ಸೋದರಿಯ ಸಂತಾನ. ಚೌಟರು, ಬಂಗರು, ಅಜಿಲರು, ಕಾರ್ಕಳದ ಭೈರರಸರು ಮೊದಲಾದ ಜೈನ ಅರಸುಮನೆತನಗಳು ಈ ಕಟ್ಟಿನವು. ಆದರೆ ಅದೇ ಸಮಾಜದ ಪುರೋಹಿತವರ್ಗವಾದ ಇಂದ್ರರು ಮಕ್ಕಳಸಂತಾನದವರು. ಹೀಗೆ ಒಂದೇ ಬಸದಿಯಲ್ಲಿ ಯಜಮಾನನ ಉತ್ತರಾಧಿಕಾರ ಒಂದು ಬಗೆ, ಅರ್ಚಕನದು ಮತ್ತೊಂದು ಬಗೆ. ಚೌಟವಂಶದ ಉಳ್ಳಾಲದ ರಾಣಿಯನ್ನು ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲೆ 1623ರಲ್ಲಿ ಕಂಡು ಮಾತಾಡಿದ್ದನ್ನು ಬರೆದಿಟ್ಟಿದ್ದಾನೆ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾಗಿರುವ ನವನಾರೀಕುಂಜರವನ್ನೂ, ಐವರು ಸೇರಿ ಕುದುರೆಯಾಗಿರುವ ಪಂಚನಾರೀತುರಗವನ್ನೂ ಇಂದಿಗೂ ನೋಡಬಹುದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ತರುವಾಯ ಅಳಿಯಸಂತಾನದ ಹಿಂದಿನ ಸ್ವರೂಪ ಮಾರ್ಪಟ್ಟಿತು.

ದರ್ಶನವೂ ಅಧ್ಯಯನವೂ

ಈ ಗ್ರಂಥಗಳು ನೆಲೆಸಿದ ಮೇಲೆ ಗುರುಬಸದಿಗೆ ಸಿದ್ಧಾಂತಬಸದಿಯೆಂಬ ಮತ್ತೊಂದು ಹೆಸರು ಬಂದಿತು. ದೇವಾಲಯಕ್ಕೆ ದೇವರ ಹೆಸರು, ಊರಿನ ಹೆಸರು, ಕಟ್ಟಿಸಿದವನ ಹೆಸರು ಬರುವುದುಂಟು. ಗ್ರಂಥದಿಂದ ಹೆಸರು ಬರುವುದು ಅಪೂರ್ವ. ದೂರದೇಶಗಳಿಂದ ಬಂದ ಯಾತ್ರಿಕರು ಸಿದ್ಧಾಂತದರ್ಶನ ಪಡೆದು ಕೃತಾರ್ಥರಾಗುತ್ತಿದ್ದರು. ಪೆಟ್ಟಿಗೆಯಿಂದ ಕಟ್ಟನ್ನು ಹೊರತೆಗೆದು ತೋರಿಸಿ ಮತ್ತೆ ಇಡುವುದು ವಾಡಿಕೆ. ಓಲೆಗಳು ಕಣ್ಣಿಗೆ ಕಂಡವು, ಓದುವವರಿಲ್ಲವಾದರು.

ಇದರ ಪರಿಣಾಮ ಅಲ್ಪವಲ್ಲ. ಸಿದ್ಧಾಂತಚಕ್ರವರ್ತಿ ನೇಮಿಚಂದ್ರಾಚಾರ್ಯರು ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ನಿಮಿತ್ತವಾಗಿ ಈ ಸಿದ್ಧಾಂತಗಳ ಸಾರವನ್ನು ಗೊಮ್ಮಟಸಾರದಲ್ಲಿ ಸಂಗ್ರಹಿಸಿದರು. ಸಂಗ್ರಹವು ಸುಲಭವಾದುದರಿಂದ ಮೂಲದ ಪಠನ ಕ್ಷೀಣಿಸಿತು. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಗೊಮ್ಮಟಸಾರಕ್ಕೆ ಬೃಹತ್ತಾದ ಭಾಷಾಟೀಕೆಯನ್ನು ರಚಿಸಿದಾಗಲೂ ಧವಲಾದಿ ಗ್ರಂಥಗಳು ಅವರ ಕೈಗೆ ಎಟುಕಲಿಲ್ಲ. ಕರ್ಮಸಿದ್ಧಾಂತದ ಚರ್ಚೆಯಲ್ಲಿ ಜೀವನವನ್ನೇ ಸವೆಸಿದ ಪಂಡಿತರು ಅದರ ಮೂಲಗ್ರಂಥವನ್ನು ಕಾಣದೆಯೇ ಬರೆಯಬೇಕಾಯಿತು.

1883ರ ಸುಮಾರಿಗೆ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರಾರ್ಥವಾಗಿ ಮೂಡುಬಿದಿರೆಗೆ ಬಂದರು. ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಆ ಹಳೆಯ ಲಿಪಿಯನ್ನು ನಿರರ್ಗಳವಾಗಿ ಓದಬಲ್ಲವರು ಆಗ ವಿರಳ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಅಂತಹವರಲ್ಲಿ ಒಬ್ಬರು. 1896ರ ಹೊತ್ತಿಗೆ ಅವರೂ ಮಿರಜಿನ ಗಜಪತಿ ಉಪಾಧ್ಯಾಯರೂ ಪ್ರತಿಲೇಖನದ ಕಾರ್ಯವನ್ನು ಕೈಗೊಂಡರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ದಿವಂಗತರಾದರು. ಗಜಪತಿ ಉಪಾಧ್ಯಾಯರು ಧವಲ, ಜಯಧವಲಗಳನ್ನು ನಾಗರಿಯಲ್ಲಿ ಬರೆದು ಮುಗಿಸಿದರು. ಮಹಾಧವಲದ ನಾಗರೀಪ್ರತಿಯನ್ನು ಪಂಡಿತ ಲೋಕನಾಥ ಶಾಸ್ತ್ರಿಗಳು ಪೂರೈಸಿದರು. ಎಲ್ಲವೂ ಮುಗಿಯುವಾಗ 1922 ಆಗಿತ್ತು. ಅಂದರೆ ಪ್ರತಿ ಮಾಡುವುದಕ್ಕೇ 26 ವರ್ಷಗಳು ಹಿಡಿದವು.

ಪ್ರತಿಗಳು ಊರು ಬಿಟ್ಟು ಹೋಗಬಾರದೆಂಬುದು ಕ್ಷೇತ್ರದವರ ಕಟ್ಟುನಿಟ್ಟು. ಶತಮಾನಗಳ ಕಾಲ ಕಾಪಾಡಿದವರ ಆತಂಕ ಅಸಹಜವಾದುದಲ್ಲ. ಆದರೆ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಸಹಾಯದಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿಕೊಂಡಿದ್ದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ಅದರಿಂದ ನಾಗರೀಪ್ರತಿಯಾಯಿತು. ಅದರಿಂದ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ ಮುಂತಾದ ಊರುಗಳಿಗೆ ಹರಡಿದವು. ಅಮರಾವತಿಯಿಂದ 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾದ ಪ್ರಥಮ ಸಂಪುಟ ಹೊರಬಂದಿತು. ಅದಕ್ಕೆ ಆಧಾರ ಈ ಸಂತತಿಯ ಪ್ರತಿಗಳೇ. ಎಲ್ಲವೂ ಒಂದೇ ತಾಯಿಯ ಮಕ್ಕಳು. ತಾಯಿಯಲ್ಲಿ ಏನು ಬಿಟ್ಟುಹೋಗಿದ್ದರೂ ಮಕ್ಕಳಲ್ಲಿ ಅದು ದೊರೆಯದು.

ಒಂದು ಪದದ ಪ್ರಶ್ನೆ

ಇಲ್ಲಿಯೇ ಹಸ್ತಪ್ರತಿಶಾಸ್ತ್ರದ ಅತ್ಯಂತ ಬೋಧಪ್ರದವಾದ ಪ್ರಸಂಗವೊಂದು ಬರುತ್ತದೆ. ಸತ್ಪ್ರರೂಪಣೆಯ 93ನೆಯ ಸೂತ್ರವು ಮನುಷ್ಯಿಣಿಯರು ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತಕರಾಗಿರುತ್ತಾರೆಂಬುದನ್ನು ಹೇಳುತ್ತದೆ. ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಗಣನೆಯು ‘ಸಂಜದಾಸಂಜದ’ ಎಂಬಲ್ಲಿಗೆ, ಎಂದರೆ ಐದನೆಯ ಗುಣಸ್ಥಾನಕ್ಕೆ ನಿಂತಿತ್ತು. ಆದರೆ ಅದೇ ಸೂತ್ರದ ಟೀಕೆಯಲ್ಲಿ ವೀರಸೇನಸ್ವಾಮಿಗಳು ಹದಿನಾಲ್ಕು ಗುಣಸ್ಥಾನಗಳ ವಿಷಯವಾಗಿ ಶಂಕೆಯನ್ನೆತ್ತಿ ಸಮಾಧಾನ ಹೇಳುತ್ತಾರೆ. ಸೂತ್ರವು ಐದಕ್ಕೇ ನಿಂತಿದ್ದರೆ ಆ ಶಂಕೆಗೆ ಅವಕಾಶವೇ ಇಲ್ಲ. ಆದುದರಿಂದ ‘ಸಂಜದ’ ಎಂಬ ಪದವು ಮೂಲದಲ್ಲಿ ಇದ್ದಿರಬೇಕೆಂದು ಸಂಪಾದಕರು ಸೂಚಿಸಿದರು.

ಇದರಿಂದ ದೊಡ್ಡ ವಿವಾದವೆದ್ದಿತು. ಸ್ತ್ರೀಯರಿಗೆ ಸಂಯತಗುಣಸ್ಥಾನವುಂಟೇ ಎಂಬ ಪ್ರಶ್ನೆ ದಿಗಂಬರ, ಶ್ವೇತಾಂಬರ ಪರಂಪರೆಗಳ ನಡುವಣ ಪ್ರಾಚೀನ ಭೇದವನ್ನು ಮುಟ್ಟುವಂತಹುದು. ಪದವನ್ನು ಸೇರಿಸಿದರೆ ಆಮ್ನಾಯಕ್ಕೆ ಹಾನಿಯೆಂದು ಕೆಲವು ಪಂಡಿತರು ಭಾವಿಸಿದರು. ಸೂತ್ರದ ‘ಮನುಷ್ಯಿಣಿ’ ಶಬ್ದವು ಭಾವವೇದವನ್ನು ಕುರಿತದ್ದು, ದ್ರವ್ಯವೇದವನ್ನಲ್ಲ. ಆದುದರಿಂದ ಪದವಿದ್ದರೂ ಹಾನಿಯಿಲ್ಲವೆಂದು ಇತರರು ವಾದಿಸಿದರು. ವೀರಸೇನರ ಸಮಾಧಾನವೂ ಭಾವವನ್ನೇ ಆಶ್ರಯಿಸಿದೆ. ಆದರೆ ಪದ ಇತ್ತೇ ಇಲ್ಲವೇ ಎಂಬುದು ತರ್ಕದಿಂದ ತೀರ್ಮಾನವಾಗುವ ವಿಷಯವಲ್ಲ. ಓಲೆಯನ್ನು ನೋಡಿ ತೀರ್ಮಾನಿಸಬೇಕಾದುದು. ಮೂಡುಬಿದಿರೆಯವರು ಮೂಲದೊಡನೆ ಪಾಠಮೇಳನಕ್ಕೆ ಅನುಕೂಲ ಮಾಡಿಕೊಟ್ಟರು. ತಾಡೋಲೆಯಲ್ಲಿ ‘ಸಂಜದ’ ಪದವು ಇದ್ದೇ ಇತ್ತು.

ಅದು ಬಿಟ್ಟುಹೋದುದರ ಕಾರಣ ಪ್ರತಿಲೇಖನದ ಅನುಭವವುಳ್ಳವರಿಗೆ ಒಡನೆಯೇ ಹೊಳೆಯುತ್ತದೆ. ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ‘ಸಂಜದ’ ಬರುತ್ತದೆ. ಪದಗಳ ನಡುವೆ ಎಡೆಯಿಲ್ಲದ ಬರಹದಲ್ಲಿ ಒಂದೇ ಅಕ್ಷರಪುಂಜ ಮೂರು ಸಲ ಸಾಲಾಗಿ ಬಂದಾಗ ಬರೆಯುವವನ ಕಣ್ಣು ಒಂದನ್ನು ಹಾರಿಸುವುದು ತೀರ ಸಹಜ. ಯಾರೂ ಸಿದ್ಧಾಂತವನ್ನು ತಿದ್ದಲು ಹೊರಟಿರಲಿಲ್ಲ. ಕಣ್ಣು ಜಾರಿತ್ತು, ಅಷ್ಟೇ. ಆ ಮೂರಕ್ಷರಗಳಿಗಾಗಿ ಪಂಡಿತಮಂಡಲಿಯೇ ಎರಡಾಗಿ ನಿಂತಿತು.

ಸ್ತ್ರೀಯರ ಕುರಿತಾದ ಈ ಪದವನ್ನು ಉಳಿಸಿದ ಓಲೆಗಳ ಭಂಡಾರದ ಪ್ರಶಸ್ತಿಗಳಲ್ಲಿ ದಾನಿಗಳಾಗಿ ನಿಂತವರು ದೇಮಿಯಕ್ಕ, ಮಲ್ಲಿಕಬ್ಬೆಯರು ಎಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು.

ಮತ್ತೊಂದು ನಿದರ್ಶನವೂ ಇದೆ. ಮಹಾಧವಲವೆಂಬ ಹೆಸರಿನಿಂದ ಶತಮಾನಗಳ ಕಾಲ ಪೂಜೆಗೊಂಡ ಕಟ್ಟನ್ನು ಬಿಚ್ಚಿ ಓದಿದಾಗ, ಆರಂಭದ ಓಲೆಗಳಲ್ಲಿರುವುದು ಮಹಾಬಂಧವಲ್ಲ, ಸತ್ಕರ್ಮಪಂಜಿಕೆಯೆಂಬ ಬೇರೊಂದು ಕೃತಿಯೆಂಬುದು ಗೊತ್ತಾಯಿತು. ಮಹಾಬಂಧದ ಕೆಲವು ಓಲೆಗಳು ಆ ವೇಳೆಗೆ ನಷ್ಟವಾಗಿದ್ದವು. ಓದಿದ್ದರಿಂದ ಒಂದು ಕೃತಿ ದೊರೆಯಿತು. ಓದದೆ ಕಳೆದ ಕಾಲದಲ್ಲಿ ಹೋದ ಓಲೆಗಳು ಮತ್ತೆ ದೊರೆಯಲಿಲ್ಲ.

ಉಪಸಂಹಾರ

ತುಳುನಾಡಿನ ಹವೆ ಓಲೆಗೆ ಶತ್ರುವಾದರೂ ಅಲ್ಲಿಯ ಜನರ ಶ್ರದ್ಧೆ ಅದಕ್ಕೆ ಕವಚವಾಯಿತು. ಆ ಶ್ರದ್ಧೆಯಿಲ್ಲದಿದ್ದರೆ ಇಂದು ಷಟ್ಖಂಡಾಗಮವೆಂಬುದು ಗೊಮ್ಮಟಸಾರದ ಹಿಂದೆ ಕಾಣುವ ಒಂದು ನೆರಳಷ್ಟೇ ಆಗಿರುತ್ತಿತ್ತು. ಆದರೆ ಶ್ರದ್ಧೆ ಪೆಟ್ಟಿಗೆಯನ್ನು ಮುಚ್ಚುವುದಕ್ಕೆ ಮಾತ್ರ ಸೀಮಿತವಾದಾಗ ಗ್ರಂಥ ಉಳಿದೂ ಇಲ್ಲದಂತಾಯಿತು. ದೇಮಿಯಕ್ಕನು ಗ್ರಂಥವನ್ನು ಅರ್ಪಿಸಿದ್ದು ಬಿಂಬದ ಪಾದಕ್ಕಲ್ಲ, ಓದಬಲ್ಲ ಸಿದ್ಧಾಂತದೇವರ ಹಸ್ತಕ್ಕೆ. ಶಾಸ್ತ್ರದಾನದ ಅರ್ಥ ಅದರಲ್ಲಿದೆ.

ಧವಲಾದ ಹದಿನಾರು ಸಂಪುಟಗಳು 1950ರ ದಶಕದ ಕೊನೆಯ ವೇಳೆಗೆ ಮುದ್ರಣಗೊಂಡವು. ಕನ್ನಡ ಲಿಪಿಯಲ್ಲಿ ಎಂಟುನೂರಕ್ಕೂ ಹೆಚ್ಚು ವರ್ಷ ಉಳಿದ ಗ್ರಂಥಕ್ಕೆ ಮೊದಲು ದೊರೆತದ್ದು ಹಿಂದೀ ಅನುವಾದ; ಕನ್ನಡ ಅನುವಾದ ಶ್ರವಣಬೆಳಗೊಳದಲ್ಲಿ ಬಹುಕಾಲದ ಮೇಲೆ ಕೈಗೂಡಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಕನ್ನಡಪ್ರಾಂತದ ತಾಡಪತ್ರಗ್ರಂಥಗಳ ಸೂಚಿಯು ಮೂಡುಬಿದಿರೆ, ಕಾರ್ಕಳ ಮುಂತಾದ ಭಂಡಾರಗಳ ಸಂಪತ್ತನ್ನು ಲೋಕಕ್ಕೆ ತಿಳಿಸಿತು. ಇಂದು ಓಲೆಗಳ ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ಇಡುವ ಸೌಕರ್ಯವಿದೆ. 2024ರಲ್ಲಿ ತುಳು-ತಿಗಳಾರಿ ಲಿಪಿಗೂ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ.

ಇಷ್ಟಾದರೂ, ಅಚ್ಚಾಯಿತು, ಛಾಯಾಚಿತ್ರವಾಯಿತು ಎಂದು ಮೂಲದ ಓಲೆಯನ್ನು ಮೂಲೆಗೊತ್ತುವ ಪ್ರವೃತ್ತಿ ಬೆಳೆಯದಿರಲಿ. 93ನೆಯ ಸೂತ್ರದ ಪ್ರಶ್ನೆ ಎದ್ದಾಗ ಅಚ್ಚಿನ ಪುಸ್ತಕವಾಗಲಿ ಅದರ ಆಧಾರಪ್ರತಿಗಳಾಗಲಿ ಉತ್ತರ ಕೊಡಲಿಲ್ಲ. ಮಳೆಯ ನಾಡಿನ ಬಸದಿಯ ಓಲೆ ಕೊಟ್ಟಿತು. ನಮ್ಮ ಊರೂರಿನ ಬಸದಿಗಳಲ್ಲಿ, ಹಳೆಯ ಮನೆತನಗಳ ಅಟ್ಟಗಳಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿವೆ. ಅವುಗಳಲ್ಲಿಯೂ ಬೇರೆಡೆ ಬಿಟ್ಟುಹೋದ ಪದಗಳು ಉಳಿದಿರಬಹುದು. ಮುಂದಿನ ಶ್ರುತಪಂಚಮಿಗೆ ಅವುಗಳಿಗೆ ಹೊಸ ವಸ್ತ್ರವನ್ನು ಕಟ್ಟುವ ಮುನ್ನ, ಹಳೆಯ ಲಿಪಿಯನ್ನು ಬಲ್ಲ ಒಬ್ಬರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಮೊದಲ ಗರಿಯನ್ನೂ ಕೊನೆಯ ಗರಿಯನ್ನೂ ಓದಿಸಿ, ಕೃತಿಯ ಹೆಸರನ್ನೂ ಬರೆಯಿಸಿದವರ ಹೆಸರನ್ನೂ ಟಿಪ್ಪಣಿ ಮಾಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.